ಮಾಡಿದವರು, ಮಾಡಿಸಿದವರು: ಬಂದೂಕಿನ ಲೋಹದ ಮೇಲಿನ ಗುರುತುಗಳ ಓದು

ಶಾಸನಗಳನ್ನು ಓದಲು ತೊಡಗುವ ವಿದ್ಯಾರ್ಥಿ ಮೊದಲು ಗಮನಿಸಬೇಕಾದದ್ದು ಒಂದು ಪ್ರತ್ಯಯವನ್ನು. ‘ಮಾಡಿದಂ’ ಎಂಬುದಕ್ಕೂ ‘ಮಾಡಿಸಿದಂ’ ಎಂಬುದಕ್ಕೂ ಇರುವ ಅಂತರ ಒಂದೇ ಅಕ್ಷರದ್ದು. ಆ ಅಕ್ಷರದ ಈಚೆಗೆ ಕೈಯಾರೆ ದುಡಿದವನಿದ್ದಾನೆ, ಆಚೆಗೆ ದ್ರವ್ಯವನ್ನೊದಗಿಸಿ ಅಪ್ಪಣೆ ಕೊಟ್ಟವನಿದ್ದಾನೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಪಾದಗಳ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿರುವ ಕಿರುಬರಹಗಳು ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನನ್ನೂ ಸುತ್ತಾಲಯವನ್ನು ಮಾಡಿಸಿದ ಗಂಗರಾಜನನ್ನೂ ಹೆಸರಿಸುತ್ತವೆ; ಉಳಿ ಹಿಡಿದವನನ್ನು ಹೆಸರಿಸುವುದಿಲ್ಲ. ಬೇಲೂರಿನಲ್ಲಾದರೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಯರ ಪೀಠಗಳಲ್ಲಿ ತಮ್ಮ ಹೆಸರುಗಳನ್ನು ಬಿಟ್ಟುಹೋಗಿದ್ದಾರೆ. ಸಾಹಿತ್ಯಚರಿತ್ರೆಗೂ ಈ ತೊಡಕು ಹೊಸದಲ್ಲ. ಕವಿರಾಜಮಾರ್ಗವನ್ನು ಬಹುಕಾಲ ನೃಪತುಂಗನ ಕೃತಿಯೆಂದೇ ಎಣಿಸಿ, ಆಮೇಲೆ ಅದು ಅವನಿಗೆ ಅನುಮತವಾದ, ಶ್ರೀವಿಜಯನು ರಚಿಸಿದ ಗ್ರಂಥವೆಂದು ವಿದ್ವಾಂಸರು ವಾದಿಸಬೇಕಾಯಿತು. ಅರಸನ ಹೆಸರು ದೊಡ್ಡ ಅಕ್ಷರಗಳಲ್ಲಿರುತ್ತದೆ, ರಚಿಸಿದವನದನ್ನು ಹುಡುಕಬೇಕಾಗುತ್ತದೆ.

ಇದೇ ಹುಡುಕಾಟ ಬಂದೂಕಿನ ಅಧ್ಯಯನದಲ್ಲಿ ಒಂದು ಪ್ರತ್ಯೇಕ ಶಾಸ್ತ್ರವಾಗಿಯೇ ಬೆಳೆದಿದೆ. ರೈಫಲ್ಲಿನ ನಡುಭಾಗಕ್ಕೆ ರಿಸೀವರ್ ಎಂದು ಹೆಸರು. ಬ್ರಿಟಿಷ್ ಕಾರ್ಖಾನೆಗಳ ಹಳೆಯ ಪರಿಭಾಷೆಯಲ್ಲಿ ಅದು ಬಾಡಿ. ನಳಿಗೆ ಮುಂದಿನಿಂದ ತಿರುಪಿನಲ್ಲಿ ಕೂರುವುದು ಅದರಲ್ಲಿ, ಮರದ ಹಿಡಿ ಹಿಂದಿನಿಂದ ಸೇರುವುದು ಅದಕ್ಕೆ, ಬೋಲ್ಟ್ ಸರಿದಾಡುವುದು ಅದರೊಳಗೆ. ನಳಿಗೆ ಸವೆದರೆ ಬೇರೆ ಹಾಕಬಹುದು, ಮರ ಸೀಳಿದರೆ ಬೇರೆ ಕೂರಿಸಬಹುದು. ರಿಸೀವರ್ ಬಿರುಕುಬಿಟ್ಟರೆ ಬಂದೂಕಿನ ಕತೆ ಮುಗಿದಂತೆ. ಅಮೆರಿಕದ ಕಾನೂನು ಈ ಒಂದು ಭಾಗವನ್ನೇ ಬಂದೂಕು ಎಂದು ಪರಿಗಣಿಸುತ್ತದೆ. ಆದುದರಿಂದ ಒಂದು ರೈಫಲ್ ಯಾರದು ಎಂಬ ಪ್ರಶ್ನೆ ಕೊನೆಗೆ ಈ ಉಕ್ಕಿನ ತುಂಡನ್ನು ಯಾರು ಬಡಿದರು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಬಡಿದರು ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಕಾಯಿಸಿದ ಲೋಹದ ತುಂಡನ್ನು ಎರಡು ಅಚ್ಚುಗಳ ನಡುವೆ ಇಟ್ಟು ಭಾರವಾದ ಯಂತ್ರಸುತ್ತಿಗೆಯಿಂದ ಹೊಡೆದಾಗ ಅದು ಅಚ್ಚಿನ ಆಕಾರವನ್ನು ತಾಳುತ್ತದೆ. ಕುಲುಮೆಯವನು ತನ್ನ ಗುರುತನ್ನು ಅಚ್ಚಿನಲ್ಲಿ ತಗ್ಗಾಗಿ ಕೊರೆದಿಟ್ಟಿದ್ದರೆ ಅದು ಲೋಹದ ಮೇಲೆ ಉಬ್ಬಾಗಿ ಮೂಡುತ್ತದೆ. ಅನಂತರ ಆ ಒರಟು ತುಂಡು ಇನ್ನೊಂದು ಕಾರ್ಖಾನೆಗೆ ಹೋಗಬಹುದು. ಅಲ್ಲಿ ಅದನ್ನು ಕೊರೆದು, ಹೆರೆದು, ತೂತು ತೆಗೆದು, ಕಡೆಯಲ್ಲಿ ಮಾರುವ ಕಂಪನಿಯ ಹೆಸರನ್ನು ಒತ್ತುತ್ತಾರೆ. ಇದು ತಗ್ಗಾದ ಬರಹ. ಅಂದರೆ ಉಬ್ಬಿದ ಗುರುತು ಲೋಹದ ಹುಟ್ಟಿನೊಂದಿಗೆ ಬಂದದ್ದು, ತಗ್ಗಿನ ಗುರುತು ಹುಟ್ಟಿದ ಮೇಲೆ ಇಟ್ಟ ಹೆಸರು. ಅಮೆರಿಕದ ಎಆರ್-15 ಮಾದರಿಯ ರೈಫಲ್ಲುಗಳಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಅವುಗಳ ಅಲ್ಯೂಮಿನಿಯಂ ರಿಸೀವರುಗಳ ಮೇಲೆ ಹತ್ತಾರು ಕಂಪನಿಗಳ ಹೆಸರುಗಳಿವೆ. ಒರಟು ತುಂಡುಗಳನ್ನು ಬಡಿದುಕೊಡುವ ಕುಲುಮೆಗಳು ಮಾತ್ರ ಬೆರಳೆಣಿಕೆಯಷ್ಟು. ಬೀಗದ ಕೈಯ ತೂತಿನ ಆಕಾರದ ಪುಟ್ಟ ಉಬ್ಬು ಕಂಡರೆ ಆ ತುಂಡು ಸೆರೋ ಎಂಬ ಕುಲುಮೆಯದೆಂದು ಬಲ್ಲವರು ಹೇಳುತ್ತಾರೆ, ಮೇಲೆ ಒತ್ತಿದ ಹೆಸರು ಯಾವುದೇ ಇರಲಿ. ಬೇರೆ ಬೇರೆ ಬೆಲೆಯ ಎರಡು ರೈಫಲ್ಲುಗಳು ಒಂದೇ ಕುಲುಮೆಯ ಕೂಸುಗಳಾಗಿರುವುದು ಅಪರೂಪವೇನಲ್ಲ.

ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ್ ಸೀಮೆ ಈ ಬಗೆಯ ಓದಿಗೆ ಒಳ್ಳೆಯ ಪಾಠಶಾಲೆ. ಬಹಮನಿಗಳು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದರು. ಅಂದಿನಿಂದ ಈ ನೆಲದಲ್ಲಿ ಹೆಸರು ಬರೆಯುವ ಎರಡು ರೂಢಿಗಳು ಎದುರುಬದುರಾದವು. ಕನ್ನಡದ ಶಾಸನಗಳು ಬಹುಪಾಲು ಕಲ್ಲನ್ನು ಕೊರೆದು ತಗ್ಗಿನಲ್ಲಿ ಬರೆದವು. ಅರಬ್ಬಿ, ಫಾರಸಿ ಶಾಸನಗಳಲ್ಲಿ ಸುತ್ತಲಿನ ಕಲ್ಲನ್ನು ಕಳೆದು ಅಕ್ಷರವನ್ನು ಉಬ್ಬಾಗಿ ಉಳಿಸುವುದೇ ಹೆಚ್ಚು. ಬೀದರಿನ ಪಕ್ಕದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಖಲೀಲುಲ್ಲಾನ ಚೌಖಂಡಿಯ ಕರಿಗಲ್ಲ ಕಮಾನಿನ ಮೇಲೆ ಇಂಥ ಉಬ್ಬಕ್ಷರಗಳ ಅತಿ ಸುಂದರವಾದ ಪಟ್ಟಿಕೆಯಿದೆ. ಅದರಲ್ಲಿ ಲಿಪಿಕಾರ ಶೀರಾಜಿನ ಮುಘೀಸ್‌ನ ಹೆಸರಿದೆ. ಅಷ್ಟೂರಿನಲ್ಲಿ ಅಹ್ಮದ್ ಷಾನ ಸಮಾಧಿಯ ಒಳಗೋಡೆಯ ವರ್ಣಚಿತ್ರಗಳಲ್ಲಿ ಚಿತ್ರಕಾರ ಶುಕ್ರುಲ್ಲಾ ಕಜ್ವೀನಿಯ ಹೆಸರಿದೆ. ಲೇಖನಿ, ಕುಂಚಗಳನ್ನು ಹಿಡಿದವರಿಗೆ ಹೆಸರು ಹಾಕಿಕೊಳ್ಳುವ ಅವಕಾಶವಿತ್ತು ಎಂಬುದಕ್ಕೆ ಇವು ಸಾಕ್ಷಿ. ಇತ್ತ ಹುಮನಾಬಾದಿನ ಕಡೆಗೆ ಹೊರಳಿದರೆ ಜಲಸಂಗವಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಂಸೆಯನ್ನು. ಅವಳನ್ನು ಕಡೆದವನ ಹೆಸರನ್ನಲ್ಲ.

ಬೀದರಿನ ಕೋಟೆಯ ಬುರುಜುಗಳ ಮೇಲೆ ಇಂದಿಗೂ ದೊಡ್ಡ ಫಿರಂಗಿಗಳಿವೆ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ 1947ರಲ್ಲಿ ಹೊರತಂದ ಬೀದರಿನ ಚರಿತ್ರೆ ಮತ್ತು ಸ್ಮಾರಕಗಳ ಕುರಿತ ಗ್ರಂಥ ಈ ಫಿರಂಗಿಗಳನ್ನೂ ಅವುಗಳ ಮೇಲಿನ ಬರಹಗಳನ್ನೂ ಕಡೆಗಣಿಸದೆ ವಿವರಿಸಿರುವುದು ಸಂಶೋಧಕರಿಗೆ ದೊರೆತ ಭಾಗ್ಯವೆನ್ನಬೇಕು. ಇಂಥ ತೋಪುಗಳನ್ನು ಮಾಡುವ ವಿಧಾನ ಎರಡು ಬಗೆ. ಒಂದು, ಕಂಚನ್ನು ಕರಗಿಸಿ ಎರಕ ಹೊಯ್ಯುವುದು. ಇನ್ನೊಂದು, ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಂತೆ ಜೋಡಿಸಿ, ಅವುಗಳ ಮೇಲೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದರಂತೆ ತೊಡಿಸಿ ಬಡಿದು ಬೆಸೆಯುವುದು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದನ್ನು ಕಂಡವರಿಗೆ ಈ ಎರಡನೆಯ ವಿಧಾನ ತಟ್ಟನೆ ಅರ್ಥವಾಗುತ್ತದೆ: ಬಿಸಿಯಲ್ಲಿ ಹಿಗ್ಗಿದ ಬಳೆ ತಣಿದಾಗ ಕುಗ್ಗಿ ಒಳಗಿನದನ್ನು ಬಿಗಿದು ಹಿಡಿಯುತ್ತದೆ. ಇಂಥ ತೋಪಿನ ನಿಜವಾದ ಕುಲುಮೆಗುರುತು ಯಾವ ಅಕ್ಷರವೂ ಅಲ್ಲ. ಬಳೆಗಳ ಅಗಲ, ಬೆಸುಗೆಯ ಸಾಲು, ಪಟ್ಟಿಗಳ ಸಂಖ್ಯೆ, ಇವೇ ಅದನ್ನು ಮಾಡಿದ ಕೈಗಳ ಬರಹ. ದಖ್ಖನಿನ ತೋಪುಗಳ ಮೇಲೆ ಅಕ್ಷರರೂಪದಲ್ಲಿ ದೊರೆಯುವುದು ಹೆಚ್ಚಾಗಿ ಸುಲ್ತಾನನ ಹೆಸರು, ತೋಪಿಗೇ ಇಟ್ಟ ಹೆಸರು, ವರ್ಷ, ಮತ್ತು ಕೆಲವೆಡೆ ಗುಂಡು ಮದ್ದುಗಳ ತೂಕ.

ಮಾಡಿದವನ ಹೆಸರು ಸ್ಪಷ್ಟವಾಗಿ ಉಳಿದಿರುವ ತೋಪೊಂದು ವಿಜಯಪುರದಲ್ಲಿದೆ: ಪ್ರಸಿದ್ಧವಾದ ಮಲಿಕ್-ಎ-ಮೈದಾನ್. ಸುಮಾರು 55 ಟನ್ ತೂಗುವ, ಬಾಯಲ್ಲಿ ಆನೆಯನ್ನು ನುಂಗುವ ಮೃಗದ ಮುಖವುಳ್ಳ ಈ ಎರಕ ಹುಟ್ಟಿದ್ದು 1549ರಲ್ಲಿ ಅಹ್ಮದ್‌ನಗರದಲ್ಲಿ. ಮಾಡಿಸಿದವನು ಬುರ್ಹಾನ್ ನಿಜಾಮ್ ಷಾ. ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ; ರೂಮಿ ಎಂಬ ಉಪನಾಮವೇ ಅವನ ಮೂಲ ತುರ್ಕಿಯ ಕಡೆಯದೆಂದು ಸೂಚಿಸುತ್ತದೆ. ಪರಾಂಡಾದ ಕೋಟೆಯಲ್ಲಿದ್ದ ಅದನ್ನು 1632ರಲ್ಲಿ ಆದಿಲ್‌ಶಾಹಿಗಳು ವಿಜಯಪುರಕ್ಕೆ ಸಾಗಿಸಿದರು. ಐದು ದಶಕಗಳ ಬಳಿಕ ವಿಜಯಪುರ ಔರಂಗಜೇಬನ ವಶವಾದಾಗ ಅವನೂ ತನ್ನ ಗೆಲುವಿನ ಬರಹವನ್ನು ಅದರ ಮೇಲೆ ಸೇರಿಸಿದನು. ಒಂದೇ ಲೋಹದ ಮೇಲೆ ಮೂರು ಹೆಸರುಗಳು: ಮಾಡಿಸಿದವನದು, ಮಾಡಿದವನದು, ಗೆದ್ದುಕೊಂಡವನದು. ದಿನಾಂಕವೊಂದನ್ನೇ ಹಿಡಿದು ಕಡೆಯ ಬರಹವನ್ನು ಓದಿದವನು ಈ ತೋಪನ್ನು ಮೊಗಲರ ಕಾಲದ್ದೆಂದು ತೀರ್ಮಾನಿಸಬಹುದು. ತಪ್ಪು ಅವನದೇ, ಲೋಹ ಸುಳ್ಳು ಹೇಳಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದರೆ ಹೆಸರು ಬರೆಯುವ ಕೆಲಸ ಯಂತ್ರದ್ದಾಗುತ್ತದೆ. ಭಾರತದ ಸೈನ್ಯ, ಪೊಲೀಸ್ ಪಡೆಗಳು ದಶಕಗಳ ಕಾಲ ಹೊತ್ತ ತ್ರೀ ನಾಟ್ ತ್ರೀ ರೈಫಲ್ಲು, ಅಂದರೆ ಲೀ-ಎನ್‌ಫೀಲ್ಡ್, ಗುರುತುಗಳ ದೃಷ್ಟಿಯಿಂದ ಒಂದು ಕಿರು ಶಾಸನಸಂಪುಟವೇ ಸರಿ. ಮರದ ಹಿಡಿ ಸೇರುವ ಉಕ್ಕಿನ ಕೊರಳಿನ ಬಲಬದಿಯಲ್ಲಿ ಮೇಲೆ ಕಿರೀಟ, ಅದರ ಕೆಳಗೆ ದೊರೆಯ ಹೆಸರಿನ ಮೊದಲಕ್ಷರಗಳು, ಅದರ ಕೆಳಗೆ ಕಾರ್ಖಾನೆ, ವರ್ಷ, ಮಾದರಿ. ಇ.ಆರ್. ಎಂದಿದ್ದರೆ ಏಳನೆಯ ಎಡ್ವರ್ಡನ ಕಾಲ, ಜಿ.ಆರ್. ಎಂದಿದ್ದರೆ ಜಾರ್ಜನದು. ಕಾರ್ಖಾನೆಯ ಸಾಲಿನಲ್ಲಿ ಎನ್‌ಫೀಲ್ಡ್ ಎಂದಿರಬಹುದು, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಎಂದಿರಬಹುದು, ಆಸ್ಟ್ರೇಲಿಯದ ಲಿತ್‌ಗೋ ಎಂದಿರಬಹುದು, ಬಂಗಾಳದಲ್ಲಿ ಹೂಗ್ಲಿಯ ದಂಡೆಯ ಇಶಾಪುರ ಎಂದಿರಬಹುದು. ಇಶಾಪುರದ ತುಂಡುಗಳಲ್ಲಿ ದೊರೆಯ ಅಕ್ಷರಗಳು ಮೂರು, ಜಿ.ಆರ್.ಐ.; ಕೊನೆಯದು ಚಕ್ರವರ್ತಿ ಎಂಬುದರ ಸೂಚಕ. ಇಂಗ್ಲೆಂಡಿಗೆ ರಾಜನಾದವನು ಭಾರತಕ್ಕೆ ಚಕ್ರವರ್ತಿ. ಪ್ರಶಸ್ತಿಯ ಮರ್ಯಾದೆ ಬಂದೂಕಿನ ಕೊರಳಿನಲ್ಲೂ ತಪ್ಪಲಿಲ್ಲ.

ಇಷ್ಟು ನೇರವಾಗಿದ್ದರೆ ಶಾಸ್ತ್ರವೇ ಬೇಕಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ರೈಫಲ್ಲುಗಳ ಬೇಡಿಕೆ ಕಾರ್ಖಾನೆಗಳ ಶಕ್ತಿಯನ್ನು ಮೀರಿದಾಗ ಬ್ರಿಟನ್ ಕೆಲಸವನ್ನು ಹಂಚಿತು. ಬಂದೂಕನ್ನೆಂದೂ ಮಾಡದಿದ್ದ ಸಣ್ಣಪುಟ್ಟ ಕಾರ್ಖಾನೆಗಳು ಒಂದೊಂದು ಬಿಡಿಭಾಗವನ್ನು ಮಾಡಿಕೊಟ್ಟವು, ಎಲ್ಲಕ್ಕಿಂತ ಕಷ್ಟದ ಬಾಡಿಯನ್ನು ಬರ್ಮಿಂಗ್‌ಹ್ಯಾಮಿನ ಸ್ಟ್ಯಾಂಡರ್ಡ್ ಸ್ಮಾಲ್ ಆರ್ಮ್ಸ್ ಎಂಬ ಕಂಪನಿ ವಹಿಸಿಕೊಂಡಿತು, ಜೋಡಣೆ ಎನ್‌ಫೀಲ್ಡಿನಲ್ಲಿ. 1918ರಲ್ಲಿ ಆ ಕಂಪನಿಯನ್ನು ಸರ್ಕಾರವೇ ವಶಕ್ಕೆ ತೆಗೆದುಕೊಂಡಾಗ ಕೊರಳಿನ ಮೇಲಿನ ಎಸ್.ಎಸ್.ಎ. ಎಂಬ ಅಕ್ಷರಗಳ ಜಾಗದಲ್ಲಿ ಎನ್.ಆರ್.ಎಫ್. ಎಂಬವು ಬಂದವು. ಯಂತ್ರಗಳು ಅವೇ, ಹೆಸರು ಬೇರೆ. ಇಂಥ ರೈಫಲ್ಲನ್ನು ಬಿಚ್ಚಿದರೆ ಒಳಗಿನ ಒಂದೊಂದು ಸಣ್ಣ ತುಂಡಿನ ಮೇಲೂ ಬೇರೆ ಬೇರೆ ಪುಟ್ಟ ಅಕ್ಷರಗಳು ಕಾಣಸಿಗುತ್ತವೆ. ಒಬ್ಬ ಕರ್ತೃವಿನ ಕೃತಿಯೆಂದು ಭಾವಿಸಿದ್ದು ಹಲವು ಕೈಗಳ ಸಂಕಲನವಾಗಿರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಇನ್ನೊಂದು ತೊಡಕು. ಶತ್ರುವಿನ ಬಾಂಬಿಗೆ ಕಾರ್ಖಾನೆಯ ನೆಲೆ ತಿಳಿಯಬಾರದೆಂದು ಹೆಸರಿನ ಬದಲು ಸಂಕೇತಗಳು ಬಂದವು. ಎಂ ಎಂದು ಮೊದಲಾಗುವ ಸಂಕೇತ ಇಂಗ್ಲೆಂಡಿನ ನಡುನಾಡಿನದು, ಎನ್ ಎಂದರೆ ಉತ್ತರದ್ದು, ಎಸ್ ಎಂದರೆ ದಕ್ಷಿಣದ್ದು. ಬಿ.ಎಸ್.ಎ. ಎಂದು ಹೆಮ್ಮೆಯಿಂದ ಹೆಸರು ಒತ್ತುತ್ತಿದ್ದ ಕಂಪನಿಯ ಶರ್ಲಿ ಕಾರ್ಖಾನೆ ಎಂ47ಸಿ ಎಂಬ ಮುಸುಕನ್ನು ಹಾಕಿಕೊಂಡಿತು. ಎಲ್ಲಕ್ಕಿಂತ ದಾರಿತಪ್ಪಿಸುವ ಗುರುತು ಅಮೆರಿಕದ್ದು. ಅಲ್ಲಿ ಸ್ಯಾವೇಜ್ ಕಂಪನಿ ಬ್ರಿಟನ್ನಿಗಾಗಿ ಮಾಡಿಕೊಟ್ಟ ನಾಲ್ಕನೆಯ ಮಾದರಿಯ ಲೀ-ಎನ್‌ಫೀಲ್ಡುಗಳ ಪಕ್ಕದಲ್ಲಿ ‘ಯು.ಎಸ್. ಪ್ರಾಪರ್ಟಿ’ ಎಂದು ದಪ್ಪಕ್ಷರಗಳಲ್ಲಿ ಒತ್ತಿದೆ. ಅವು ಎರವಲು ಒಪ್ಪಂದದಲ್ಲಿ ಬ್ರಿಟನ್ನಿಗೆ ಹೋದ ಆಯುಧಗಳು. ಅಮೆರಿಕದ ಕಾಲಾಳುಗಳ ಹೆಗಲೇರಿದ ರೈಫಲ್ಲು ಅದಲ್ಲ. ಮಾಡಿದವನ ಗುರುತು ಚೌಕದೊಳಗಿನ ಒಂದು ಪುಟ್ಟ ಎಸ್ ಅಕ್ಷರವಾಗಿ ಬಿಡಿಭಾಗಗಳ ಮೇಲೆ ಅಡಗಿ ಕುಳಿತಿದೆ. ದೊಡ್ಡ ಅಕ್ಷರ ಒಡೆಯನದು, ಸಣ್ಣ ಅಕ್ಷರ ದುಡಿದವನದು: ಈ ನಿಯಮಕ್ಕೆ ಅಪವಾದಗಳು ಕಡಿಮೆ.

ಒಡೆತನದ ಗುರುತುಗಳಿಗೂ ತಮ್ಮದೇ ಆದ ವ್ಯಾಕರಣವಿದೆ. ಅಗಲವಾದ ಬಾಣದ ತುದಿಯ ಚಿತ್ರ ಬ್ರಿಟಿಷ್ ಸರ್ಕಾರದ ಸ್ವತ್ತಿನದು. ಬಾಣದ ಕೆಳಗೆ ಐ ಅಕ್ಷರವಿದ್ದರೆ ಭಾರತ ಸರ್ಕಾರದ್ದು. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ ಸರ್ಕಾರ ಆ ಆಯುಧವನ್ನು ಸೇವೆಯಿಂದ ತೆಗೆದು ಮಾರಿಬಿಟ್ಟಿದೆ ಎಂದರ್ಥ. ಕ್ರಯಪತ್ರವನ್ನೇ ಉಕ್ಕಿನಲ್ಲಿ ಬರೆದಂತೆ. ಪೊಲೀಸರಿಗೂ ಸೆರೆಮನೆಯ ಕಾವಲುಗಾರರಿಗೂ ಕೊಡಲೆಂದು ಇಶಾಪುರದಲ್ಲಿ ಹಲವು ರೈಫಲ್ಲುಗಳ ನಳಿಗೆಯ ಒಳಗೆರೆಗಳನ್ನು ತೆಗೆದು, ಒಂದೊಂದೇ ತೋಟಾ ಹಾರಿಸುವ .410 ಮಸ್ಕೆಟ್ಟುಗಳಾಗಿ ಮಾರ್ಪಡಿಸಿದಾಗ ಅದನ್ನೂ ಮೈಮೇಲೆ ಒತ್ತಿದರು. 1962ರ ಯುದ್ಧದ ಬಳಿಕ ಅದೇ ಇಶಾಪುರ 7.62 ಮಿಲಿಮೀಟರ್ ತೋಟಾ ಹಾರಿಸುವ 2ಎ ಎಂಬ ಮಾದರಿಯನ್ನು ತಂದಿತು. ಮೊದಲ ನೋಟಕ್ಕೆ ಅದು ಹಳೆಯ ತ್ರೀ ನಾಟ್ ತ್ರೀಯ ಅಣ್ಣತಮ್ಮನಂತೆಯೇ ಇದೆ. ಇವುಗಳ ನಡುವಿನ ಗುರುತನ್ನು ತಪ್ಪಾಗಿ ಓದಿ ಬೇರೆಯ ತೋಟಾ ತುಂಬಿದವನಿಗೆ ಅದು ಜೀವದ ಪ್ರಶ್ನೆಯಾಗಬಹುದು. ಶಾಸನ ತಪ್ಪಾಗಿ ಓದಿದವನಿಗೆ ಈ ಅಪಾಯವಿಲ್ಲ ಎಂಬುದು ವಿದ್ವತ್ ಲೋಕದ ಪುಣ್ಯ.

ಈಗ ಮತ್ತೆ ಬೀದರಿಗೆ, 1948ಕ್ಕೆ. ಅಂದಿನ ಬೀದರ್ ಜಿಲ್ಲೆ ಇಂದಿನದಕ್ಕಿಂತ ದೊಡ್ಡದು. ಭಾಲ್ಕಿ, ಔರಾದ್, ಹುಮನಾಬಾದುಗಳೊಂದಿಗೆ ಉದಗೀರ್, ನಿಲಂಗಾ, ಅಹ್ಮದ್‌ಪುರ, ಜಹೀರಾಬಾದ್, ನಾರಾಯಣಖೇಡಗಳೂ ಅದರಲ್ಲಿದ್ದವು. ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟವನ್ನು ಸೇರದೆ ಉಳಿದಿತ್ತು, ಸುತ್ತ ಸರಕುಗಳ ತಡೆಯಿತ್ತು, ಒಳಗೆ ರಜಾಕಾರರ ಹಾವಳಿಯಿತ್ತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ಸಂಸ್ಥಾನಕ್ಕೆ ಆಯುಧಗಳನ್ನು ಹೊತ್ತು ತಂದದ್ದು ಆ ಕಾಲದ ಪ್ರಸಿದ್ಧ ಸಂಗತಿ. ರಾತ್ರಿಯ ಹೊತ್ತು ಬಂದಿಳಿಯುತ್ತಿದ್ದ ಆ ವಿಮಾನಗಳ ವೃತ್ತಾಂತಗಳಲ್ಲಿ ವಾರಂಗಲ್ಲಿನೊಂದಿಗೆ ಬೀದರಿನ ವಿಮಾನಪಟ್ಟಿಯ ಹೆಸರೂ ಬರುತ್ತದೆ. ಈ ಸಾಗಣೆಗಾಗಿ ಅವನಿಗೆ ಲಂಡನ್ನಿನಲ್ಲಿ ಆಮೇಲೆ 200 ಪೌಂಡ್ ದಂಡ ಬಿತ್ತು. ಸೆಪ್ಟೆಂಬರ್ 13ರಂದು ಭಾರತೀಯ ಸೈನ್ಯ ಸಂಸ್ಥಾನದ ಗಡಿ ದಾಟಿತು, 17ರ ನಸುಕಿನಲ್ಲಿ ಬೀದರನ್ನು ಹೊಕ್ಕಿತು.

ಆ ವರ್ಷದ ಬಂದೂಕೊಂದು ಸಂಶೋಧಕನ ಮುಂದೆ ಬಂದಿತೆಂದು ಊಹಿಸಿಕೊಂಡರೆ ಗುರುತುಗಳ ಶಾಸ್ತ್ರದ ಬಲವೂ ಮಿತಿಯೂ ಒಟ್ಟಿಗೆ ತಿಳಿಯುತ್ತವೆ. ಕೊರಳಿನ ಮೇಲೆ ಬಿ.ಎಸ್.ಎ., 1917 ಎಂದಿದೆ. ಅದನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ್ದಾರೆ ಎಂಬುದು ಖಚಿತ. ಅದು 1948ರಲ್ಲಿ ಯಾರ ಕೈಯಲ್ಲಿತ್ತು ಎಂಬುದನ್ನು ಆ ಬರಹ ಹೇಳಲಾರದು. ಸಂಸ್ಥಾನದ ಸೈನಿಕನದಿರಬಹುದು, ಪೊಲೀಸನದಿರಬಹುದು, ವಿಮಾನದಲ್ಲಿ ಬಂದದ್ದಿರಬಹುದು, ಗಡಿಯಾಚೆಯ ಶಿಬಿರಗಳಿಂದ ಬಂದ ಹೋರಾಟಗಾರನದಿರಬಹುದು. ಬಾಣದ ಕೆಳಗಿನ ಐ ಅಕ್ಷರವಿದ್ದರೆ ಭಾರತ ಸರ್ಕಾರದ ಉಗ್ರಾಣವನ್ನು ಒಮ್ಮೆ ಹೊಕ್ಕು ಬಂದಿದೆ ಎನ್ನಬಹುದು. ಮೂತಿ ತಾಗಿದ ಜೋಡಿಬಾಣಗಳಿದ್ದರೆ ಮಾರಾಟವಾದ ಸರಕೆಂದು ತಿಳಿಯಬಹುದು. ಅಲ್ಲಿಂದ ಮುಂದೆ ಉಕ್ಕು ಮೌನ. ಕಡತಗಳು, ನೆನಪುಗಳು ಮಾತಾಡಬೇಕು. ಆ ನೆನಪುಗಳೂ ಒಂದೇ ಬಗೆಯವಲ್ಲ. ಇದೇ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಇಂದಿಗೂ ಜನಮನದಲ್ಲಿದೆ. ಸೆಪ್ಟೆಂಬರಿನ ಬಳಿಕ ಮುಸಲ್ಮಾನರ ಮೇಲೆ ನಡೆದ ಹಿಂಸೆಯಲ್ಲಿ ತೀರ ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿ ಸುಂದರಲಾಲ್ ಸಮಿತಿಯ ವರದಿ ಬೀದರನ್ನೂ ಎಣಿಸಿತು. ಒಂದು ಮನೆಯವರಿಗೆ ರಕ್ಷಣೆಯಾಗಿದ್ದ ಬಂದೂಕು ಇನ್ನೊಂದು ಮನೆಯವರಿಗೆ ಸಾವಾಗಿತ್ತು. ತಯಾರಕನ ಮುದ್ರೆಯನ್ನು ಕಂಡೊಡನೆ ‘ಇದು ಇಂಥವರು ತಂದದ್ದು’ ಎಂದು ನಿರ್ಣಯಿಸುವ ಆತುರ ಇಂಥ ಕಡೆ ಬರಿಯ ವಿದ್ವತ್ತಿನ ದೋಷವಾಗಿ ಉಳಿಯುವುದಿಲ್ಲ, ಒಂದು ಸಮುದಾಯದ ಮೇಲಿನ ಆರೋಪವಾಗಿಬಿಡುತ್ತದೆ.

ಹಳ್ಳಿಗಳ ಮಾತು ಇನ್ನೂ ಬೇರೆ. ಮಾಂಜ್ರಾ ನದಿಯ ಎರಡು ದಡಗಳ ಭಾಲ್ಕಿ, ಔರಾದ್ ಸೀಮೆ ಜೋಳ, ತೊಗರಿ, ಉದ್ದು, ಹೆಸರುಗಳ ನೆಲ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ನೆಲ. ಇಲ್ಲಿ ಊರ ಕಮ್ಮಾರ ವರ್ಷವಿಡೀ ರೈತರ ಕುಳ, ಕುಂಟೆ, ಕುಡುಗೋಲುಗಳನ್ನು ಹದ ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳಿನ ಪಾಲು ಪಡೆಯುವ ಪದ್ಧತಿ ನಡೆದುಬಂದಿತ್ತು. ಅವನ ಕುಡುಗೋಲಿನ ಮೇಲೆ ಹೆಸರಿರುವುದಿಲ್ಲ. ಹೆಸರಿನ ಅಗತ್ಯವೂ ಇರಲಿಲ್ಲ, ಊರಿಗೊಂದು ಕುಲುಮೆ. ಬಾಗಿನ ವಾಲು, ಹಿಡಿಯ ಬಳಿಯ ಪೆಟ್ಟಿನ ಸಾಲು ನೋಡಿಯೇ ಕೊಯ್ಯುವವರು ಗುರುತಿಸುತ್ತಿದ್ದರು. ಹೈದರಾಬಾದ್ ಸೀಮೆಯಲ್ಲಿ ಭರ್ಮಾರ್ ಎಂದು ಕರೆಯುತ್ತಿದ್ದ ಮೂತಿಯಿಂದ ಮದ್ದು ತುಂಬುವ ನಾಡಬಂದೂಕುಗಳು ಇಂಥ ಹೆಸರಿಲ್ಲದ ಕುಲುಮೆಗಳಲ್ಲಿ ಆಗತಕ್ಕವು. ಅವುಗಳನ್ನು ಪರೀಕ್ಷಿಸುವವನಿಗೆ ಕೊರಳಿನ ಮೇಲೆ ಓದಲು ಏನೂ ಸಿಗದು. ಅವನು ನೋಡಬೇಕಾದದ್ದು ನಳಿಗೆಯ ಬೆಸುಗೆಯ ಗೆರೆಯನ್ನು, ಅರದ ಗೀರುಗಳ ದಿಕ್ಕನ್ನು, ಕೈಯಿಂದಲೇ ಕೊರೆದ ತಿರುಪಿನ ಎಳೆಗಳನ್ನು. ಕೈತಿರುಪು ತನ್ನ ತೂತಿನಲ್ಲಿ ಮಾತ್ರ ಕೂರುತ್ತದೆ, ಪಕ್ಕದ ಬಂದೂಕಿನದರಲ್ಲಿ ಕೂರದು. ಕಾರ್ಖಾನೆಯ ಸಾವಿರ ರೈಫಲ್ಲುಗಳಿಗೆ ಒಂದೇ ಮುದ್ರೆ. ಕಮ್ಮಾರನ ಒಂದೊಂದು ಬಂದೂಕೂ ತನಗೆ ತಾನೇ ಮುದ್ರೆ. ಹೆಸರು ಬರೆಯದವನ ಕೈ ಹೆಸರು ಬರೆದವನ ಕೈಗಿಂತ ಸ್ಪಷ್ಟವಾಗಿ ಉಳಿಯುವ ಈ ವಿಚಿತ್ರವನ್ನು ಅನಾಮಧೇಯ ಜಾನಪದ ಕಾವ್ಯವನ್ನು ಓದುವವರು ಬಲ್ಲರು.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ ಗುರುತಿನ ವಿಷಯಕ್ಕೆ ಒಂದು ಸೆಕ್ಷನ್ನನ್ನೇ ಮೀಸಲಿಟ್ಟಿದೆ. ಬಂದೂಕಿನ ಮೇಲಿನ ಹೆಸರು, ಸಂಖ್ಯೆ ಮತ್ತಿತರ ಗುರುತನ್ನು ಅಳಿಸುವುದೂ ಬದಲಿಸುವುದೂ ಎಂಟನೆಯ ಸೆಕ್ಷನ್ನಿನಂತೆ ನಿಷಿದ್ಧ. ತಯಾರಕನ ಹೆಸರು, ಸಂಖ್ಯೆಗಳಿಲ್ಲದ ಬಂದೂಕನ್ನು ಮಾರುವಂತಿಲ್ಲ. ಗುರುತು ಅಳಿದ ಬಂದೂಕು ಯಾರ ಬಳಿ ಸಿಕ್ಕಿತೋ ಅವನೇ ಅದನ್ನು ಅಳಿಸಿದನೆಂದು, ಬೇರೆಯದು ಸಾಬೀತಾಗುವ ತನಕ, ಕಾನೂನು ಭಾವಿಸುತ್ತದೆ. ಕಟುವಾದ ಭಾವನೆಯೇ ಸರಿ. ಆದರೆ ಅಳಿಸುವುದು ಅಷ್ಟು ಸುಲಭವೂ ಅಲ್ಲ. ಉಕ್ಕಿನ ಮೇಲೆ ಅಂಕಿಯನ್ನು ಬಡಿದು ಒತ್ತಿದಾಗ ಕಾಣುವ ತಗ್ಗಿನ ಕೆಳಗಿನ ಕಣಗಳೂ ನಲುಗಿ ಬಿಗಿದುಕೊಳ್ಳುತ್ತವೆ. ಅರದಿಂದ ಮೇಲ್ಮೈಯನ್ನು ಉಜ್ಜಿ ನುಣುಪು ಮಾಡಿದರೂ ಆ ನಲುಗಿದ ಪದರ ಒಳಗೆ ಉಳಿದಿರುತ್ತದೆ. ಪ್ರಯೋಗಾಲಯದಲ್ಲಿ ಆ ಜಾಗಕ್ಕೆ ತಾಮ್ರದ ಕ್ಲೋರೈಡು ಸೇರಿದ ಆಮ್ಲವನ್ನು ಸವರಿದರೆ ನಲುಗಿದ ಭಾಗವೂ ನಲುಗದ ಭಾಗವೂ ಬೇರೆ ಬೇರೆಯಾಗಿ ಕರಗಿ, ಹೋದ ಅಂಕಿ ಸ್ವಲ್ಪ ಹೊತ್ತು ಮಸುಕಾಗಿ ಮರಳಿ ಕಾಣುತ್ತದೆ. ದೇವಾಲಯದ ಒಳಗಿನ ಮೂರ್ತಿ ಬದಲಾಗಿ, ಹೆಸರು ಬದಲಾಗಿ, ಪೂಜೆಯ ವಿಧಿ ಬದಲಾಗಿದ್ದರೂ ಬಾಗಿಲುವಾಡದ ನೆತ್ತಿಯ ಲಲಾಟಬಿಂಬವನ್ನು ನೋಡಿ ಮೂಲದಲ್ಲಿ ಅದು ಯಾರ ಗುಡಿ ಅಥವಾ ಬಸದಿ ಎಂದು ಗುರುತಿಸುವ ಕ್ರಮ ಇದಕ್ಕೆ ತೀರ ಹತ್ತಿರದ್ದು.

ಬೀದರಿನ ಲೋಹದ ಮಾತು ಬಿದ್ರಿಯಿಲ್ಲದೆ ಮುಗಿಯದು. ಸತು ಹೆಚ್ಚು, ತಾಮ್ರ ಅತ್ಯಲ್ಪ ಬೆರೆತ ಮಿಶ್ರಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ನಯಗೊಳಿಸಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಮೊನೆಯಿಂದ ಬಳ್ಳಿಹೂಗಳನ್ನು ಬರೆದು, ಉಳಿಯಿಂದ ತೋಡಿ, ತೋಡಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕಡೆಯಲ್ಲಿ ಕೋಟೆಯ ಹಳೆಯ ಕಟ್ಟಡಗಳೊಳಗಿನ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದಾಗ ಮಿಶ್ರಲೋಹ ಶಾಶ್ವತವಾದ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳಗುತ್ತದೆ. ಮೊಗಲರ ಕಾಲದಲ್ಲೂ ನಿಜಾಮರ ಕಾಲದಲ್ಲೂ ಹುಕ್ಕಾಗಳ ಬುಡ, ಪಾನದಾನ, ಹೂಜಿಗಳಾಗಿ ದೇಶವಿದೇಶಗಳ ಸಂಗ್ರಹಗಳನ್ನು ಸೇರಿದ ಈ ಕೆಲಸಗಳಲ್ಲಿ ಕುಶಲಕರ್ಮಿಯ ಸಹಿ ತೀರ ವಿರಳ. ಲಖನೌ, ಮುರ್ಷಿದಾಬಾದ್, ಪೂರ್ಣಿಯಾಗಳಲ್ಲೂ ಬಿದ್ರಿ ಕೆಲಸ ನಡೆದುದರಿಂದ ಹಳೆಯ ಪಾತ್ರೆಯೊಂದು ಬೀದರಿನದೇ ಅಲ್ಲವೇ ಎಂಬುದನ್ನು ಬಳ್ಳಿಯ ತಿರುವು, ಬೆಳ್ಳಿ ಕೂರಿಸಿದ ಬಗೆ ನೋಡಿ ಊಹಿಸಬೇಕು.

2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚನೆಯ ನೋಂದಣಿ ದೊರೆಯಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ನೋಂದಣಿ ಊರಿನ ಹೆಸರನ್ನು ಕಾಯುತ್ತದೆ, ಪ್ರಶಸ್ತಿ ಒಬ್ಬರ ಹೆಸರನ್ನು ಎತ್ತಿ ಹಿಡಿಯುತ್ತದೆ. ಆದರೆ ಒಂದು ಬಿದ್ರಿ ಹೂಜಿಯನ್ನು ಎರಕ ಹೊಯ್ಯುವವನು ಒಬ್ಬ, ಚಿತ್ರ ಬರೆಯುವವನು ಇನ್ನೊಬ್ಬ, ಬೆಳ್ಳಿ ಕೂರಿಸುವವನು ಮತ್ತೊಬ್ಬ, ಮಣ್ಣು ಉಜ್ಜಿ ಕಪ್ಪೇರಿಸುವವನು ಮಗುದೊಬ್ಬನಾಗಿರುವುದು ಸಾಮಾನ್ಯ. ಬುಡವನ್ನು ತಿರುಗಿಸಿ ಒಂದೇ ಹೆಸರನ್ನು ಕೆತ್ತಬೇಕೆಂದರೆ ಯಾರದನ್ನು ಕೆತ್ತುವುದು? 1917ರ ಎನ್‌ಫೀಲ್ಡ್ ಜೋಡಣೆಯ ಕಟ್ಟೆಯ ಮೇಲೆ ಪ್ರತಿ ತುಂಡಿಗೂ ಒಂದು ಪುಟ್ಟ ಅಕ್ಷರವಾದರೂ ದಕ್ಕಿತ್ತು. ಬೀದರಿನ ಹುಕ್ಕಾದ ಬುಡ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಫಲಕದಲ್ಲಿ ಲೋಹ ಯಾವುದು, ಶತಮಾನ ಯಾವುದು, ಕೊಟ್ಟವರು ಯಾರು ಎಂದು ಬರೆದಿರುತ್ತದೆ, ಮಾಡಿದವರ ಜಾಗದಲ್ಲಿ ‘ಬೀದರ್’ ಎಂದಿರುತ್ತದೆ.